ರೀವ್ಯಾಂಪ್‌ನೊಳಗಿನ ಪಾದ

ನಮ್ಮ ಅಪಾರ್ಟ್‌ಮೆಂಟಿನ ಗೋಡೆಗೆ ಒಂದು ದಿನ ಚೀಟಿ ಅಂಟಿತ್ತು: ಕಟ್ಟಡವನ್ನು ‘ರೀವ್ಯಾಂಪ್’ ಮಾಡಲಾಗುವುದು, ಅಂದರೆ ಅದಕ್ಕೆ ಹೊಸ ರೂಪ ಕೊಡಲಾಗುವುದು. ನನಗೆ ಥಟ್ಟನೆ ನೆನಪಾದವಳು ಹಳೆಯ ಸಿನಿಮಾಗಳ ವ್ಯಾಂಪ್, ನಾಯಕನನ್ನು ಬಲೆಗೆ ಕೆಡಹುವ ಮೋಹಿನಿ. ಆದರೆ ಆಕೆ ರಕ್ತ ಹೀರುವ ವ್ಯಾಂಪೈರ್‌ನ ಮೊಟಕು ರೂಪವಷ್ಟೇ. ಈ ಪದಕ್ಕೂ ಅವಳಿಗೂ ನಂಟಿಲ್ಲ.

ನಂಟು ಇರುವುದು ಬೂಟಿಗೆ. ನಾನಿರುವ ನಾರ್ಥಾಂಪ್ಟನ್ ಇಂಗ್ಲೆಂಡಿನಲ್ಲಿ ಬೂಟಿಗೇ ಹೆಸರಾದ ಊರು. ಇಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರು ಕೂಡ ‘ಕಾಬ್ಲರ್ಸ್’, ಅಂದರೆ ಬೂಟು ರಿಪೇರಿಯವರು. ಕಳೆದ ಚಳಿಗಾಲ ಬಾಯಿಬಿಟ್ಟ ಬೂಟನ್ನು ಒಯ್ದಾಗ ಅಂಗಡಿಯ ಮುದುಕ ಅದನ್ನು ತಿರುವಿ ನೋಡಿ, “ಅಟ್ಟೆ ಬದಲಿಸಬಹುದು, ವ್ಯಾಂಪೇ ಹೋಗಿದೆಯಲ್ಲ” ಎಂದ. ಬೆರಳುಗಳ ಹಿಂದೆ, ನಡೆದಾಗಲೆಲ್ಲ ಮಡಿಯುವ ಜಾಗದಲ್ಲಿ ಚರ್ಮ ಸೀಳಿತ್ತು. ಪಾದದ ಮುಂಭಾಗವನ್ನು ಮೇಲಿನಿಂದ ಮುಚ್ಚುವ ಆ ತುಂಡೇ ವ್ಯಾಂಪ್.

ಅದರ ಮೂಲ ಹಳೆಯ ಫ್ರೆಂಚಿನದು: ‘ಅವಾಂ’ ಎಂದರೆ ಮುಂದೆ, ‘ಪಿಯೇ’ ಎಂದರೆ ಪಾದ. ಇಂಗ್ಲಿಷಿಗೆ ಬರುವಷ್ಟರಲ್ಲಿ ತಲೆಯ ‘ಅ’ ಉದುರಿ ಬಾಲವೂ ಸವೆದಿತ್ತು. ಮೊದಲು ಅದು ಕಾಲುಚೀಲದ ಪಾದದ ಭಾಗ, ಆಮೇಲೆ ಬೂಟಿನದು. ಸವೆದ ಬೂಟಿಗೆ ಹೊಸ ಮುಂಭಾಗ ಹೊಲಿಯುವುದಕ್ಕೆ ‘ವ್ಯಾಂಪ್ ಮಾಡುವುದು’ ಎಂದರು. ಬರಬರುತ್ತ ಎಲ್ಲ ಬಗೆಯ ತೇಪೆ ಕೆಲಸಕ್ಕೂ ಅದೇ ಮಾತಾಯಿತು. ಪಿಯಾನೋದವರು ಆ ಕ್ಷಣಕ್ಕೆ ತೋಚಿದಂತೆ ಪಕ್ಕವಾದ್ಯ ನುಡಿಸಿದರೆ ಅದೂ ವ್ಯಾಂಪ್. ‘ಮತ್ತೆ’ ಎಂಬರ್ಥದ ‘ರೀ’ ಹತ್ತಿಕೊಂಡ ರೂಪ 19ನೆಯ ಶತಮಾನದ್ದು.

ನನಗೆ ರುಚಿಸಿದ್ದು ಇನ್ನೊಂದು ಸಂಗತಿ. ಆ ‘ಪಿಯೇ’ ಮತ್ತು ನಮ್ಮ ‘ಪಾದ’ ಒಂದೇ ಬೇರಿನವು. ಒಂದು ಲ್ಯಾಟಿನ್ ದಾರಿ ಹಿಡಿಯಿತು, ಇನ್ನೊಂದು ಸಂಸ್ಕೃತದ್ದು. ‘ರಿನೋವೇಟ್’ ಪದದ ಹೊಟ್ಟೆಯಲ್ಲಿರುವ ಲ್ಯಾಟಿನ್ನಿನ ‘ನೋವುಸ್’ ಕೂಡ ನಮ್ಮ ‘ನವ’ದ ದಾಯಾದಿ. ಹಾಗಾಗಿ ರಿನೋವೇಟ್ ಎಂದರೆ ಅಕ್ಷರಶಃ ನವೀಕರಣ. ರೀವ್ಯಾಂಪ್ ಅಷ್ಟು ದೊಡ್ಡ ಮಾತಲ್ಲ, ಹುಟ್ಟಿನಿಂದಲೇ ಮುಂಭಾಗದ ರಿಪೇರಿ.

ಮೂರು ತಿಂಗಳಲ್ಲಿ ಕೆಲಸ ಮುಗಿಯಿತು. ಮುಂಬಾಗಿಲಿಗೆ ದಪ್ಪ ಗಾಜು, ಹಿತ್ತಾಳೆಯ ಹಿಡಿ, ಗೋಡೆಗೆ ಬೂದು ಬಣ್ಣ. ಹಿಂದಿನ ಮೆಟ್ಟಿಲ ಬಳಿ ಚಾವಣಿ ಈಗಲೂ ಸೋರುತ್ತದೆ, ಕೆಳಗೆ ಅದೇ ನೀಲಿ ಬಕೆಟ್. ದೂರು ಬರೆಯಲು ಕುಳಿತವನು ಆ ಚೀಟಿಯನ್ನು ಇನ್ನೊಮ್ಮೆ ಓದಿ ಪೆನ್ನು ಕೆಳಗಿಟ್ಟೆ. ಅವರು ರಿನೋವೇಟ್ ಎಂದಿರಲೇ ಇಲ್ಲ.