ತಾಳೆಯಾಗದ ಖಾತೆ

ಧಾರವಾಡದಿಂದ ರಾತ್ರಿ ಹೊರಟ ಬಸ್ಸು ಪುಣೆಯ ಸ್ವಾರಗೇಟಿನಲ್ಲಿ ನನ್ನನ್ನು ಇಳಿಸಿದಾಗ ಇನ್ನೂ ಐದು ಗಂಟೆ. ಸಂಕ್ರಾಂತಿ ಕಳೆದು ಎರಡು ದಿನವಾಗಿತ್ತು. ತಂಗಿ ಕೊಟ್ಟ ಕುಸುರೆಳ್ಳಿನ ಡಬ್ಬಿಯನ್ನು ಅವಚಿಕೊಂಡು ನಡುಗುತ್ತಿದ್ದೆ. ತಂಗಿಯ ಮಗಳು ಸ್ಕೂಟರಿನಲ್ಲಿ ಬಂದವಳೇ, "ಮಾಮಾ, ಮಫ್ಲರ್ ಬಿಗಿಯಾಗಿ ಸುತ್ತಿಕೊಳ್ಳಿ. ಮೊದಲು ನಿಮಗೊಂದು ಕಟ್ಟಡ ತೋರಿಸಬೇಕು" ಎಂದಳು. ಚಹಾದ ಮಾತೇ ಇಲ್ಲ.

ಶಿವಾಜಿನಗರದ ಆ ಕಟ್ಟಡವನ್ನು ಊರವರು ಇಂದಿಗೂ ಸಿಮ್ಲಾ ಆಫೀಸ್ ಎನ್ನುತ್ತಾರೆ. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂತು, 1944ರಲ್ಲಿ ದೆಹಲಿಗೆ ಹೋಯಿತು. ಹೆಸರು ಮಾತ್ರ ಹೋಗಲಿಲ್ಲ. ಗೇಟಿನ ಹೊರಗೆ ನಿಂತೇ ಅವಳು ಎಲ್. ಎ. ರಾಮದಾಸ್ ಅವರ ಕತೆ ಹೇಳಿದಳು. ಇಲಾಖೆಯ ಕೃಷಿ ಹವಾಮಾನ ವಿಭಾಗವನ್ನು ಪುಣೆಯಲ್ಲಿ ಕಟ್ಟಿದವರು ಅವರು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಶಾಖ ಕಳೆದುಕೊಳ್ಳುವುದರಿಂದ ನೆಲಕ್ಕಂಟಿದ ಗಾಳಿಯೇ ಎಲ್ಲಕ್ಕಿಂತ ತಣ್ಣಗಿರಬೇಕಲ್ಲವೇ? ರಾಮದಾಸರ ಉಷ್ಣಮಾಪಕಗಳು ಹಾಗೆ ಹೇಳಲಿಲ್ಲ. ಅತಿ ತಂಪು ಗಾಳಿ ಇದ್ದದ್ದು ನೆಲದಿಂದ ಒಂದೆರಡು ಗೇಣು ಮೇಲೆ. 1932ರಲ್ಲಿ ಅದನ್ನು ಪ್ರಕಟಿಸಿದಾಗ ಅಳತೆಯೇ ತಪ್ಪಿರಬೇಕು ಎಂದವರು ಬಹಳ. ಅರವತ್ತು ವರ್ಷಗಳ ನಂತರ, 1993ರಲ್ಲಿ, ನಮ್ಮ ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಇಬ್ಬರು ಸಹೋದ್ಯೋಗಿಗಳು ನೆಲ ಮತ್ತು ಗಾಳಿ ಹೊರಸೂಸುವ ವಿಕಿರಣದ ಲೆಕ್ಕದಿಂದ ಅದಕ್ಕೊಂದು ವಿವರಣೆ ಕೊಟ್ಟರು. ಆಮೇಲೂ ಚರ್ಚೆ ನಿಲ್ಲಲಿಲ್ಲವಂತೆ. ನನಗೆ ಆ ಹೊತ್ತಿಗೆ ಮಂಡಿಯ ಮಟ್ಟದ ಚಳಿ ಸ್ವಂತ ಅನುಭವದಿಂದ ಖಾತರಿಯಾಗಿತ್ತು.

ಮರುದಿನ ಹೋದದ್ದು ದೌಂಡ್ ಕಡೆಗೆ. ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವಳು ಕೆಲಸ ಮಾಡುವ ಸಂಸ್ಥೆ ಅಲ್ಲಿನ ರೈತರೊಬ್ಬರ ಕಬ್ಬಿನ ನಡುವೆ ಒಂದು ಕಂಬ ನೆಟ್ಟಿದೆ. ಕಾಯುವವರು ಅಕ್ಕಲಕೋಟೆ ಕಡೆಯ ಹಿರಿಯರು. ನನ್ನ ಟೊಪ್ಪಿಗೆ ನೋಡಿದ್ದೇ ಕನ್ನಡಕ್ಕೆ ಹೊರಳಿದರು. "ಇದು ಗಾಳಿಯ ತೂಕ ನೋಡುವ ಕಂಬರೀ" ಎಂದರು. ಆಮೇಲೆ ತಂಗಿಯ ಮಗಳು ಅರ್ಧ ಗಂಟೆ ವಿವರಿಸಿದ್ದೂ ಇದನ್ನೇ.

ಕಬ್ಬಿನ ತುದಿಗಿಂತ ಮೇಲೆ, ಕಂಬದ ತೋಳಿನಲ್ಲಿ ಎರಡು ಉಪಕರಣಗಳಿವೆ. ಒಂದು, ಎದುರುಬದುರಾದ ಮೂರು ಜೊತೆ ಕಡ್ಡಿಗಳ ನಡುವೆ ನಮಗೆ ಕೇಳದ ಶಬ್ದ ಹರಿಸಿ, ಅದು ತಲುಪಲು ಹಿಡಿದ ಸಮಯದಿಂದ ಗಾಳಿಯ ವೇಗವನ್ನು ಮೂರೂ ದಿಕ್ಕಿನಲ್ಲಿ ಕಂಡುಹಿಡಿಯುತ್ತದೆ. ಇನ್ನೊಂದು, ಒಂದು ಗೇಣಿಗೂ ಕಡಿಮೆ ಅಂತರದಲ್ಲಿ ಅವಗೆಂಪು ಕಿರಣ ಹಾಯಿಸಿ, ಎಷ್ಟು ಹೀರಲ್ಪಟ್ಟಿತು ಎಂಬುದರಿಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯನ್ನು ಅಳೆಯುತ್ತದೆ. ಸೆಕೆಂಡಿಗೆ 20 ಸಲ. ಅರ್ಧ ಗಂಟೆಗೆ 36,000 ನಮೂದು. ಗಾಳಿ ಸುಳಿಸುಳಿಯಾಗಿ ಏಳುತ್ತದೆ, ಇಳಿಯುತ್ತದೆ. ಹಗಲಿನಲ್ಲಿ ಇಳಿಯುವ ಸುಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಹೆಚ್ಚು, ಏಳುವ ಸುಳಿಯಲ್ಲಿ ತುಸು ಕಡಿಮೆ. ಕಬ್ಬು ತಿಂದದ್ದು ಆ ವ್ಯತ್ಯಾಸವನ್ನು. ನೀರಾವಿಯದು ಇದರ ತಿರುಗುಮುರುಗು.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದವನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಪೆನ್ನು ತೆಗೆದೆ. ದಿನಕ್ಕೆ ನಾಲ್ಕು ಮಿಲಿಮೀಟರ್ ನೀರು ಆವಿಯಾಯಿತು ಅನ್ನಿ. ಎಕರೆಗೆ ಸುಮಾರು 16,000 ಲೀಟರ್. ಒಂದು ಲೀಟರ್ ಆವಿಯಾಗಲು ಬೇಕಾದ ಶಾಖವನ್ನು ಕರೆಂಟಿನ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ. ಅಂದರೆ ಒಂದು ಎಕರೆ ಕಬ್ಬು ಒಂದೇ ದಿನದಲ್ಲಿ 11,000 ಯೂನಿಟ್ಟಿನಷ್ಟು ಬಿಸಿಲನ್ನು ಸದ್ದಿಲ್ಲದೆ ಆವಿಗೆ ಖರ್ಚು ಮಾಡುತ್ತದೆ. ನಮ್ಮ ಮನೆಯ ಹಲವು ವರ್ಷಗಳ ಬಿಲ್ಲು ಅದು.

"ಹಾಗಾದರೆ ಜಮಾ ಬಿಸಿಲು. ಖರ್ಚು ಮೂರು ಬಾಬತ್ತು: ಆವಿ, ಗಾಳಿಯ ಬಿಸಿ, ಮಣ್ಣಿನ ಬಿಸಿ. ಸಂಜೆಗೆ ತಾಳೆಯಾಗಬೇಕು" ಎಂದೆ.

"ಆಗುವುದಿಲ್ಲ ಮಾಮಾ."

ನಾನು ತಮಾಷೆ ಎಂದುಕೊಂಡೆ. ಅಲ್ಲ. ಜಗತ್ತಿನ ಬಹುತೇಕ ಕಂಬಗಳಲ್ಲಿ ಖರ್ಚಿನ ಬದಿ ಕಡಿಮೆ ಬೀಳುತ್ತದೆ. 2002ರಲ್ಲಿ 22 ತಾಣಗಳ ಲೆಕ್ಕ ಒಟ್ಟಿಗೆ ನೋಡಿದಾಗ ಸರಾಸರಿ ಶೇಕಡಾ 20ರಷ್ಟು ಸಿಗಲಿಲ್ಲವಂತೆ. ಅರ್ಧ ಗಂಟೆಯ ಅಳತೆಗೆ ಸಿಕ್ಕದ ದೊಡ್ಡ, ನಿಧಾನದ ಸುಳಿಗಳು, ಕಬ್ಬಿನ ಒಡಲಲ್ಲೇ ಉಳಿದ ಶಾಖ, ಒಂದೊಂದು ಉಪಕರಣವೂ ನೋಡುವ ಜಾಗ ಬೇರೆಬೇರೆ ಆಗಿರುವುದು, ಹೀಗೆ ಶಂಕಿತರು ಹಲವರಿದ್ದಾರೆ. ರಾತ್ರಿಯ ಪಾಡು ಇನ್ನೂ ಕಷ್ಟ: ಗಾಳಿ ನಿಂತಾಗ ಕಬ್ಬು ಬಿಟ್ಟ ಉಸಿರು ಎಲೆಗಳ ನಡುವೆಯೇ ಮಡುಗಟ್ಟುತ್ತದೆ, ಕಂಬದವರೆಗೆ ಏರುವುದಿಲ್ಲ. ಅಂಥ ಗಂಟೆಗಳನ್ನು ತೆಗೆದುಹಾಕಿ, ಅಂದಾಜಿನಿಂದ ತುಂಬಿ, ತುಂಬಿದ್ದು ಎಂದು ಗುರುತು ಹಾಕಿಡುತ್ತಾರೆ. ನಮ್ಮ ಬ್ಯಾಂಕಿನಲ್ಲಿ ಇಂಥದ್ದಕ್ಕೆ, ಬಾಬತ್ತು ತಿಳಿಯದ ಮೊತ್ತವನ್ನು ಸದ್ಯಕ್ಕೆ ಹಾಕಿಡುವ ಜಾಗಕ್ಕೆ, ಸಸ್ಪೆನ್ಸ್ ಖಾತೆ ಎನ್ನುತ್ತಿದ್ದೆವು, ಅದನ್ನು ಕಂಡರೆ ಆಡಿಟರಿಗೆ ಮೈಯೆಲ್ಲ ಕಣ್ಣು. ಎಪ್ಪತ್ತು ಪೈಸೆಗಾಗಿ ರಾತ್ರಿ ಹತ್ತರವರೆಗೆ ಕೂತವನು ನಾನು. ಒಂದು ದಿನ ಮ್ಯಾನೇಜರು ಜೇಬಿನಿಂದ ನಾಣ್ಯ ತೆಗೆದಿಟ್ಟು "ತಾಳೆಯಾಯಿತು, ನಡೆಯಿರಿ" ಎಂದದ್ದೂ ಉಂಟು. ಇವಳ ಖಾತೆಯಲ್ಲಿ ಹಾಗೆ ಜೇಬಿನಿಂದ ಹಾಕಿದವರಿಲ್ಲ. ಕೊರತೆ ಕೊರತೆಯೆಂದೇ ಅಚ್ಚಾಗುತ್ತದೆ.

ಕಂಬದ ದಿನಚರಿ ಪುಸ್ತಕ ಹಿರಿಯರ ಗುಡಿಸಲಿನಲ್ಲಿತ್ತು. ಲೆನ್ಸಿನ ಮೇಲೆ ಇಬ್ಬನಿ. ಜೇಡರ ಬಲೆ, ಒರೆಸಲಾಗಿದೆ. ಇಲಿ ಕೇಬಲ್ ಕಡಿದು ಹನ್ನೊಂದು ದಿನದ ಮಾಹಿತಿ ಇಲ್ಲ. ಓದುತ್ತಿರುವಾಗಲೇ ಪಶ್ಚಿಮದ ಪಕ್ಕದ ಗದ್ದೆಯಲ್ಲಿ ಕುಡುಗೋಲಿನ ಸದ್ದು. ಮರಾಠವಾಡದಿಂದ ಬಂದ ಕಟಾವಿನ ಗಂಡಹೆಂಡಿರ ಜೋಡಿಗಳು ಕಬ್ಬು ಮಲಗಿಸತೊಡಗಿದ್ದವು. ಅವಳ ಮುಖ ಸಣ್ಣದಾಯಿತು. ಇನ್ನು ಆ ಕಡೆಯಿಂದ ಬೀಸುವ ಗಾಳಿ ಬೋಳು ನೆಲದ ಲೆಕ್ಕವನ್ನೂ ಹೊತ್ತು ತಂದು ಈ ಕಬ್ಬಿನ ಹೆಸರಿಗೆ ಬರೆಯುತ್ತದೆ.

"ನಿಮ್ಮ ಅಕ್ಷರ ಚೆನ್ನಾಗಿದೆ ಮಾಮಾ, ನೀವೇ ಬರೆಯಿರಿ."

ತಾರೀಖು ಹಾಕಿ, "ಪಶ್ಚಿಮದ ಗದ್ದೆ ಕಟಾವು ಆರಂಭ, ಬೆಳಿಗ್ಗೆ 10.20" ಎಂದು ಬರೆದೆ. ಅಭ್ಯಾಸಬಲ, ಲೆಕ್ಕ ಮುಗಿಯಿತು ಎಂಬಂತೆ ಕೆಳಗೆ ಎರಡು ಗೆರೆ ಎಳೆಯಲು ಹೋದೆ. ಅವಳು ಪೆನ್ನು ಕಸಿದುಕೊಂಡಳು.