ತೊಳೆದ ಎಲೆ, ತೊಳೆಯದ ಎಲೆ

“ಸರ್, ಆ ಶೇಕಡ ಒಂದು ತೊಳೆದ ಎಲೆಗೋ, ತೊಳೆಯದ ಎಲೆಗೋ?”

ಮಂಗಳವಾರ ಕೇಳಿದ ಪ್ರಶ್ನೆ. ಇಂದು ಶನಿವಾರ, ಇನ್ನೂ ಕಿವಿಯಲ್ಲೇ ಇದೆ.

ಹತ್ತನೇ ತರಗತಿಗೆ ‘ನಮ್ಮ ಪರಿಸರ’ ಪಾಠ ನಡೆದಿತ್ತು. ಎಲೆಯ ಮೇಲೆ ಬೀಳುವ ಬಿಸಿಲಿನಲ್ಲಿ ಸಸ್ಯಗಳು ಹಿಡಿದಿಟ್ಟುಕೊಳ್ಳುವುದು ಸುಮಾರು ಶೇ 1, ಅಲ್ಲಿಂದ ಆಹಾರ ಸರಪಳಿಯ ಮುಂದಿನ ಹಂತಕ್ಕೆ ದಾಟುವುದು ಅದರ ಶೇ 10 ಎಂದು ಬೋರ್ಡಿನ ಮೇಲೆ ಬರೆದೆ. ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಎರಡು ಹೊಂಗೆ ಎಲೆ. ಒಂದನ್ನು ನಲ್ಲಿಯಲ್ಲಿ ತೊಳೆದು ತಂದಿದ್ದಳು. ಇನ್ನೊಂದರ ಮೇಲೆ ಬೆರಳು ಎಳೆದು ತೋರಿಸಿದಳು. ಬೆರಳ ತುದಿ ಕಾಡಿಗೆ ಮುಟ್ಟಿದಂತೆ ಕಪ್ಪಗಿತ್ತು.

ಕೊಪ್ಪಳ–ಹೊಸಪೇಟೆ ರಸ್ತೆಯ ಬದಿಯ ಊರು ನಮ್ಮದು. ಅದಿರಿನಿಂದ ಕಬ್ಬಿಣ ತೆಗೆಯುವ ಸ್ಪಾಂಜ್ ಐರನ್ ಕಾರ್ಖಾನೆಗಳ ಬೂದಿಯ ಬಗ್ಗೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬಿಡಿಸಿದ ಹತ್ತಿ ಕಪ್ಪಾದರೆ ದರ ಬೀಳುತ್ತದೆ ಎಂಬುದು ಆ ಹುಡುಗಿಗೆ ತಾಯಿಯ ಜೊತೆ ಹೊಲಕ್ಕೆ ಹೋಗಿಯೇ ಗೊತ್ತು.

ನಾನು ಹೇಳಿದ್ದೇನು? “ತೊಳೆದ ಎಲೆಗೆ ಎಂದಿಟ್ಟುಕೊ, ಪರೀಕ್ಷೆಗೆ ಅಷ್ಟು ಸಾಕು.” ಅವಳು “ಸರಿ ಸರ್” ಎಂದು ಕುಳಿತು ಅದನ್ನೇ ಬರೆದುಕೊಂಡಳು. ಆ ಬರೆದುಕೊಂಡದ್ದೇ ನನ್ನನ್ನು ಸುಡುತ್ತಿದೆ. ಧೂಳು ಬಿಸಿಲನ್ನು ತಡೆಯುತ್ತದೆ, ಎಲೆ ಉಸಿರಾಡುವ ಪತ್ರರಂಧ್ರಗಳನ್ನು ಮುಚ್ಚುತ್ತದೆ ಎಂದು ಹೇಳಲು ನನಗೆ ಎರಡು ನಿಮಿಷ ಸಾಕಿತ್ತು.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ನಾವು ಮಕ್ಕಳಿಂದ ಹಿಮಕರಡಿಯ ಚಿತ್ರ ಬರೆಸುತ್ತಿದ್ದೇವೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿಲೋಮೀಟರ್ ನೀರುನಾಯಿಗೆಂದೇ ಮೀಸಲಾಗಿದೆ. ನಮ್ಮ ಶಾಲೆಯ ಗೋಡೆಯ ಮೇಲೆ ಒಂದು ನೀರುನಾಯಿಯೂ ಇಲ್ಲ. ಮಕ್ಕಳ ತಪ್ಪಲ್ಲ, ಬರೆಸುವವರ ತಪ್ಪು. ಗಿಡ ನೆಟ್ಟು ಫೋಟೊ ತೆಗೆಸಿಕೊಂಡು ಹೋಗುವ ಅತಿಥಿಗಳ ಬಗ್ಗೆಯಂತೂ ನನಗೆ ಗೌರವ ಉಳಿದಿಲ್ಲ. ಅದೇ ಗುಂಡಿಗೆ ಮರುವರ್ಷ ಮತ್ತೊಂದು ಸಸಿ ಬರುತ್ತದೆ.

ಆದರೆ ಅಂದು ಮುಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ್ದನ್ನೂ ನಾನು ನೋಡಿದೆ. ಅವನ ತಂದೆ ಅಂಥದೇ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಮನೆಯ ಒಲೆ ಉರಿಯುವುದು ಆ ಪಗಾರದಿಂದ. ಅವನ ಎದುರು ಯಾವ ಮೌಲ್ಯವನ್ನು, ಯಾವ ದನಿಯಲ್ಲಿ ಹೇಳಲಿ?

ನಿನ್ನೆ ಹುಡುಗಿಯ ನೋಟ್‌ಬುಕ್ ತೆಗೆದುಕೊಂಡು ಆ ಸಾಲು ಹೊಡೆದುಹಾಕಿದೆ. “ನಾನು ಹೇಳಿದ್ದು ತಪ್ಪು” ಎಂದೆ.

“ಹಾಗಾದರೆ ಏನು ಬರೆಯಲಿ ಸರ್?”

“ಜಾಗ ಬಿಡು. ಸೋಮವಾರ ನೋಡೋಣ.”

ಗಾಜಿನ ಸ್ಲೈಡಿಗೆ ವ್ಯಾಸಲೀನ್ ಸವರಿ ಹೊಂಗೆ ಮರದ ಕೆಳಗೆ ಇಡುವುದು, ದಿನಕ್ಕೆ ಎಷ್ಟು ಧೂಳು ಅಂಟುತ್ತದೆಂದು ಭೂತಗನ್ನಡಿಯಲ್ಲಿ ನೋಡುವುದು ಎಂದು ಇಡೀ ತರಗತಿಗೆ ವಿವರಿಸಿದೆ. ಗಂಟೆ ಹೊಡೆದ ಮೇಲೆ ಆ ಹುಡುಗ ಬಾಗಿಲ ಬಳಿ ಕಾದು ನಿಂತಿದ್ದ.

“ಒಂದು ಸ್ಲೈಡ್ ನಮ್ಮ ಮನೆಯ ಮಾಳಿಗೆಯ ಮೇಲೂ ಇಡಲೇ ಸರ್?”