ಸಂಜೆಯಾದರೆ ದೊಡ್ಡಮ್ಮ ತವರಿಗೆ ಹೊರಡುತ್ತಾರೆ

"ನನ್ನನ್ನ ಮನೆಗೆ ಬಿಟ್ಟು ಬಾ ಮಾರಾಯ. ಅಮ್ಮ ಕಾಯ್ತಿರ್ತಾಳೆ."

ಭಾನುವಾರ ಸಾಗರದ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಶಿವಮೊಗ್ಗಕ್ಕೆ ವಾಪಸ್ ಬಂದು ನಾಲ್ಕು ದಿನವಾಯಿತು, ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಮುಸ್ಸಂಜೆ ಹೊತ್ತು. ಎರಡು ಸೀರೆ ತುರುಕಿದ ಕೈಚೀಲ ಹಿಡಿದು ಜಗಲಿ ತುದಿಯಲ್ಲಿ ನಿಂತಿದ್ದರು. ಅವರಿಗೆ 82 ವರ್ಷ. ಅವರು ಕೇಳುತ್ತಿದ್ದ ಮನೆ, ಅಂದರೆ ತವರುಮನೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಹಿನ್ನೀರಿಗೆ ಹೋಯಿತು.

ಅಣ್ಣ ಅದನ್ನೇ ಹೇಳಿದ. "ಅಮ್ಮಾ, ಆ ಮನೆ ಮುಳುಗಿ 60 ವರ್ಷ ಆಯ್ತು. ಅಜ್ಜಿ ಈಗೆಲ್ಲಿದ್ದಾಳೆ?" ದೊಡ್ಡಮ್ಮ ಅಲ್ಲೇ ಕುಸಿದು ಕೂತರು. ಸಾವಿನ ಸುದ್ದಿ ಆಗಷ್ಟೇ ಬಂದವರು ಹೇಗೆ ಅಳುತ್ತಾರೋ ಹಾಗೆ ಅತ್ತರು. ಅಣ್ಣ ಕೆಟ್ಟವನಲ್ಲ. ನಿಜ ಹೇಳಿದರೆ ನೆನಪು ಬರುತ್ತದೆ ಅಂತ ಅವನ ನಂಬಿಕೆ. ಆದರೆ ಪ್ರತಿ ಸಂಜೆ ಅವರ ಅಮ್ಮ ಹೊಸದಾಗಿ ಸಾಯಬೇಕಾ?

ಅತ್ತಿಗೆ ಒಳಗಿನಿಂದ ಬಂದು ಪಕ್ಕದಲ್ಲಿ ಕೂತರು. "ಅತ್ತೆ, ನಿಮ್ಮನೆ ಹಿತ್ತಲಲ್ಲಿ ಏನೇನಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಲಸಿನ ಮರ. ಬುಡದಲ್ಲೇ ಕಾಯಿ ಬಿಡ್ತಿತ್ತು." ಅಲ್ಲಿಂದ ಬಚ್ಚಲೊಲೆ, ತಾಮ್ರದ ಹಂಡೆ, ಹಾಯಲು ಬರುವ ದನ, ಒಂದೊಂದಾಗಿ ಎಲ್ಲ ಬಂತು. ಅಷ್ಟರಲ್ಲಿ ಅತ್ತಿಗೆ ಅವರ ಕೈಗೆ ಹತ್ತಿ ಕೊಟ್ಟಿದ್ದರು, ಮಾತಾಡುತ್ತಲೇ ದೊಡ್ಡಮ್ಮ ಬತ್ತಿ ಹೊಸೆಯತೊಡಗಿದ್ದರು. ಬೆಳಿಗ್ಗೆ ತಿಂದ ದೋಸೆ ನೆನಪಿಲ್ಲ. ಬೆರಳು ಮಾತ್ರ ಏನೂ ಮರೆತಿರಲಿಲ್ಲ.

ಊರಲ್ಲಿ ಇದಕ್ಕೆ ಅರಳು ಮರಳು ಅಂದು ಸುಮ್ಮನಾಗುತ್ತಾರೆ. ಮೊದಲು ತೋರಿಸಿದ ಡಾಕ್ಟರೂ ವಯಸ್ಸಾಯ್ತಲ್ವಾ ಅಂತ ಟಾನಿಕ್ ಬರೆದು ಕಳಿಸಿದ್ದರು, ಎರಡು ವರ್ಷ ಹಾಗೇ ಕಳೆಯಿತು. ಆದರೆ ದೊಡ್ಡಮ್ಮನಿಗೆ ಇರುವುದು ಡಿಮೆನ್ಶಿಯಾ, ಅಂದರೆ ನೆನಪು, ಯೋಚನೆ ಕುಂದುತ್ತಾ ಹೋಗುವ ಸ್ಥಿತಿ. ಅದು ಬರೀ ವಯಸ್ಸಿನಿಂದಲ್ಲ, ಮಿದುಳಿನ ಕಾಯಿಲೆಯಿಂದ ಬರುವಂಥದ್ದು. ಹೆಚ್ಚಿನವರಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಎಷ್ಟೋ ಕಾಲ ಉಳಿಯುತ್ತದೆ. ಸಂಜೆ ಗಲಿಬಿಲಿ ಜಾಸ್ತಿ. ಹೋದ ಮಳೆಗಾಲದಲ್ಲಿ ಎರಡೇ ದಿನಕ್ಕೆ ತೀರಾ ಹೆಚ್ಚಾಗಿತ್ತು. ಪರೀಕ್ಷೆ ಮಾಡಿಸಿದರೆ ಮೂತ್ರದ ಸೋಂಕು. ಅದು ವಾಸಿಯಾದ ಮೇಲೆ ಇದೂ ಇಳಿಯಿತು. ಅದನ್ನೂ ಅರಳು ಮರಳು ಅಂದು ಬಿಟ್ಟಿದ್ದರೆ?

ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಅಂತ ಅಂದಾಜು. ಅವರನ್ನು ನೋಡಲು ನಮ್ಮಂಥ ನೆಂಟರು ಹೋಗುತ್ತೇವೆ. ಹೋದವರೆಲ್ಲ "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡುತ್ತೇವೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಹೆಸರು ನಾವೇ ಹೇಳಿ, ಕೈ ಹಿಡಿದು ಕೂತರೆ ಆಗಲ್ವಾ?

ಹೊರಡುವಾಗ ಅತ್ತಿಗೆಯನ್ನು ಕೇಳಿದೆ, ಇದೆಲ್ಲ ಯಾರು ಹೇಳಿಕೊಟ್ಟರು ಅಂತ. "ಯಾರು ಹೇಳಿಕೊಡ್ತಾರೆ? ಅತ್ತೇನ ಅಳಿಸಿ ಅಳಿಸಿ ಕಲಿತೆ" ಅಂದರು. ಅವರು ತಮ್ಮ ತವರಿಗೆ ಹೋಗಿ ಒಂದೂವರೆ ವರ್ಷ ಆಗಿದೆಯಂತೆ. ನಾವ್ಯಾರೂ ಅದನ್ನು ಕೇಳಿರಲೇ ಇಲ್ಲ.

ಶನಿವಾರ ಹೋಗಿ ನಾಲ್ಕು ದಿನ ದೊಡ್ಡಮ್ಮನ ಜೊತೆ ನಾನಿರುತ್ತೇನೆ. ಹತ್ತಿ ಮುಗಿದಿದೆಯಂತೆ, ಗಾಂಧಿ ಬಜಾರಿನಿಂದ ತರಲು ಅತ್ತಿಗೆ ಹೇಳಿದ್ದಾರೆ.